ಭಾವನ ಹೋಟೆಲಿಗೆ ಬಣ್ಣ ಬಳಿದದ್ದು

ಕಂಪ್ಯೂಟರಿನಲ್ಲಿ ಒಂದು ಬಣ್ಣ ಬದಲಾಯಿಸುವುದು ಮಹಾ ಕೆಲಸವೇನಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನಾನು ಸುಖವಾಗಿದ್ದೆ.

ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಕೆಮಿಕಲ್ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ನನ್ನ ನೌಕರಿ. ಕಂಪನಿಯ ವೆಬ್‌ಸೈಟಿನಲ್ಲಿ ದೀಪಾವಳಿಗೆ ಹಣತೆಯ ಚಿತ್ರ ಅಂಟಿಸುವುದು, ಹಬ್ಬ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯುವುದು, ಹೋಳಿಯ ಹೊತ್ತಿಗೆ ಬೈಸಿಕೊಂಡು ತೆಗೆಯುವುದು, ಇವೂ ನನ್ನ ಪಾಲಿಗೆ ಬಂದಿದ್ದವು. ಇಷ್ಟರಿಂದಲೇ ಸಂಬಂಧಿಕರ ನಡುವೆ ನನಗೆ ‘ಕಂಪ್ಯೂಟರ್ ಗೊತ್ತಿದ್ದವ’ ಎಂಬ ಬಿರುದು ಸಿಕ್ಕಿತ್ತು. ಬಿರುದನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ನನ್ನ ಹೆಂಡತಿ ಶಾಲಿನಿಯ ಅಣ್ಣ ವಾಸುದೇವ ಭಾವನಿಗೆ ಠಾಣೆ ಪಟ್ಟಣದ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಸ್ಯಾಹಾರಿ ಹೋಟೆಲಿದೆ. ಉಡುಪಿಯಿಂದ ಬಂದ ನನ್ನ ಮಾವ ಹಾಕಿದ ಹೋಟೆಲು ಅದು. ಹಿಂದೆ ಮಧ್ಯಾಹ್ನದ ಭೋಂಗಾ, ಅಂದರೆ ಊಟದ ಬಿಡುವಿನ ಸೈರನ್, ಕೂಗಿದರೆ ಸಾಕು, ಸುತ್ತಲಿನ ಕಾರ್ಖಾನೆಗಳಿಂದ ಜನ ಬಂದು ರೈಸ್ ಪ್ಲೇಟಿಗೆ ಸಾಲು ನಿಲ್ಲುತ್ತಿದ್ದರಂತೆ. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಡುಗೆಮನೆಯ ಎರಡು ದೊಡ್ಡ ಒಲೆಗಳಲ್ಲಿ ಒಂದು ಆರಿಹೋಯಿತು. ಅದರ ಮೇಲೆ ಈಗ ಖಾಲಿ ಎಣ್ಣೆ ಡಬ್ಬಗಳು ಕೂತಿದ್ದವು. ಭಾವ ಅಡುಗೆಮನೆಗೆ ಹೋದರೆ ಆ ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹೀಗಿರುವಾಗ ರಬಾಳೆಯ ಒಂದು ದೊಡ್ಡ ಆಫೀಸಿನವರು ತಮ್ಮ ಜನರಿಗೆ ದಿನಾ ಮಧ್ಯಾಹ್ನದ ಊಟ ಕಳುಹಿಸಬಹುದೇ ಎಂದು ಕೇಳಿದರು. ಒಂದೇ ಷರತ್ತು: ಅವರ ಹುಡುಗರು ಫೋನ್ ಎತ್ತಿ ಮಾತಾಡುವವರಲ್ಲ, ಎಲ್ಲ ಆರ್ಡರೂ ವೆಬ್‌ಸೈಟಿನಲ್ಲೇ ಆಗಬೇಕು. ಭಾವ ಯಾರನ್ನೋ ಹಿಡಿದು ಒಂದು ರೆಡಿಮೇಡ್ ಆರ್ಡರಿನ ಸೈಟು ಹಾಕಿಸಿದರು. ಅಂಗಿ ಹೊಲಿಸುವ ಬದಲು ಅಂಗಡಿಯಿಂದ ತಂದ ಹಾಗೆ, ಬಣ್ಣ, ಅಕ್ಷರ, ಚೌಕಟ್ಟು ಎಲ್ಲ ಮೊದಲೇ ಇದ್ದ ‘ಥೀಮ್’ ಅದು. ಬಣ್ಣ ಮಾತ್ರ ನೀಲಿ.

ಒಂದು ಭಾನುವಾರ ಭಾವ ನನ್ನನ್ನು ಗಲ್ಲಾದ ಹಿಂದೆ ಕೂರಿಸಿಕೊಂಡು ಕಂಪ್ಯೂಟರ್ ತೋರಿಸಿದರು. ನಾನು ಅವರನ್ನು ಭಾವ ಎಂದರೆ ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಾರೆ.

“ಸದಾಶಿವ ಭಾವ, ಈ ನೀಲಿ ನೋಡಿದ್ರೆ ಹೋಟೆಲಿನ ಹಾಗೆ ಕಾಣೂದಿಲ್ಲ ಮಾರಾಯ್ರೆ. ಬ್ಯಾಂಕಿನ ಹಾಗೆ ಉಂಟು. ಇಡ್ಲಿ ತಿನ್ಲಿಕ್ಕೆ ಬಂದವ ಪಾಸ್‌ಬುಕ್ ತೆಗೆದಾನು.”

“ಅದೆಂತ ದೊಡ್ಡದು ಭಾವ? ಈ ಕಾಫಿ ಆರುವುದರೊಳಗೆ ಆಗ್ತದೆ.”

“ಅವಸರ ಇಲ್ಲ. ಮುಂದಿನ ವಾರ ಕಳೆದು ಸೋಮವಾರ ರಬಾಳೆಯ ಮೇಡಂ ನೋಡ್ಲಿಕ್ಕೆ ಬರ್ತಾರೆ. ಅವರು ಹೂಂ ಅಂದ್ರೆ ಆ ಒಲೆ ಪುನಃ ಹೊತ್ತಿಸಬಹುದು.” ಭಾವ ಆಚೀಚೆ ನೋಡಿ ಧ್ವನಿ ತಗ್ಗಿಸಿದರು. “ಇದು ನಮ್ಮಿಬ್ಬರಲ್ಲೇ ಇರ್ಲಿ. ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡಿ. ಮುಖ್ಯ ನಿಮ್ಮ ಷಡ್ಡಕನ ಹತ್ರ.”

ಷಡ್ಡಕನೆಂದರೆ ಶಾಲಿನಿಯ ಅಕ್ಕ ಪ್ರಭಕ್ಕನ ಗಂಡ, ಕಲ್ಯಾಣದ ರಘುರಾಮರು. ಆ ಮನೆಯ ಹಿರಿ ಅಳಿಯ ಅವರು, ಕಿರಿ ಅಳಿಯ ನಾನು. ಅವರು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತ ಭಾನುವಾರದ ಕ್ಲಾಸಿಗೆ ಹೋಗಿ ವೆಬ್ ಡಿಸೈನಿಂಗ್ ಕಲಿತವರು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ನೇತುಹಾಕಿದ್ದರು. ಅವರನ್ನು ಬಿಟ್ಟು ಭಾವ ನನ್ನನ್ನು ಆರಿಸಿದರಲ್ಲ ಎಂದು ನನ್ನ ಎದೆ ಉಬ್ಬಿತು. ಕಾಫಿಗೆ ಸಕ್ಕರೆ ಹಾಕಿಲ್ಲವೆಂಬುದು ಲೋಟ ಖಾಲಿಯಾದ ಮೇಲೆ ತಿಳಿಯಿತು.

ಭಾವನ ಮನೆಯವರಿಗೆ ಅಳಿಯಂದಿರ ವಿಷಯದಲ್ಲಿ ಒಂದು ವ್ರತವಿದೆ. ಇಬ್ಬರಿಗೂ ಒಂದೇ ಅಂಚಿನ ಪಂಚೆ, ಒಂದೇ ಅಳತೆಯ ಬಾಳೆ ಎಲೆ, ಒಂದೇ ಸಾಲಿನಲ್ಲಿ ಆಸನ. ಹಿಂದೊಮ್ಮೆ ಗೃಹಪ್ರವೇಶದಲ್ಲಿ ಒಬ್ಬರ ಶಾಲಿಗೆ ಜರಿ ಇದ್ದು ಇನ್ನೊಬ್ಬರದಕ್ಕೆ ಇಲ್ಲದೆ ಹೋಗಿ, ಒಂದು ಕುಟುಂಬ ಗಣೇಶ ಚತುರ್ಥಿಯವರೆಗೂ ಠಾಣೆ ಸ್ಟೇಷನ್ನಿನಲ್ಲಿ ಇಳಿಯಲೇ ಇಲ್ಲ. ಜರಿ ಇಲ್ಲದ ಶಾಲು ಯಾರದ್ದೆಂದು ಹೇಳುವುದು ಸಭ್ಯತೆಯಲ್ಲ. ಈಗಲೂ ನನಗೆ ಅದನ್ನು ಹೊದೆಯಲು ಮನಸ್ಸಿಲ್ಲ.

ಮನೆಗೆ ಬಂದವನೇ ಕೆಲಸ ಶುರು ಮಾಡಿದೆ. ಯಾವ ಭಾಗಕ್ಕೆ ಯಾವ ಬಣ್ಣ ಎಂಬ ಆಜ್ಞೆಗಳನ್ನು ಬರೆಯುವ ಪಟ್ಟಿಗೆ ಸ್ಟೈಲ್ ಶೀಟ್ ಎನ್ನುತ್ತಾರೆ. ಥೀಮಿನ ಮೂಲ ಶೀಟನ್ನು ಮುಟ್ಟಬಾರದು, ನಮ್ಮ ಆಜ್ಞೆಗಳನ್ನು ಬೇರೆ ಫೈಲಿನಲ್ಲಿ ಬರೆಯಬೇಕು ಎಂಬಷ್ಟು ನನಗೆ ಗೊತ್ತಿತ್ತು. ಬರೆದೆ. ‘ತಲೆಬರಹ ಕೆಂಪಾಗಲಿ.’ ಆಯಿತು. ಕುಂಕುಮದಂಥ ಕೆಂಪು. ಮೇಲೆ ಇಡ್ಲಿ ವಡೆಯ ಫೋಟೊ ಹಾಕಿದೆ. ಶಾಲಿನಿಯನ್ನು ಕರೆದು ತೋರಿಸಿದೆ.

“ಚಂದ ಉಂಟು” ಎಂದಳು ಅವಳು. ನಮ್ಮ ಮನೆಯಲ್ಲಿ ಇದು ಅಪರೂಪದ ಮಾತು.

ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಆ ಪುಟವನ್ನು ತೆರೆದೆ. ತಲೆಬರಹ ಹಸಿರಾಗಿತ್ತು. ಗಿಳಿ ಹಸಿರು!

ಥೀಮ್ ನೀಲಿ, ನಾನು ಹಾಕಿದ್ದು ಕೆಂಪು. ಹಸಿರು ಎಲ್ಲಿಂದ ಬಂತು? ಪಕ್ಕದ ಟೇಬಲಿನ ಕುಲಕರ್ಣಿಯನ್ನು ಕೇಳಿದೆ. ಅವನು ಡಬ್ಬಿಯಿಂದ ತಲೆ ಎತ್ತದೆ, “ಥೀಮ್ ಕಾ ಅಪ್‌ಡೇಟ್ ಆಯಾ ಹೋಗಾ” ಎಂದ, ಅಂದರೆ ಥೀಮ್ ಮಾಡಿದವರೇ ಏನೋ ಬದಲಿಸಿರಬೇಕು ಎಂದು. ಕುಲಕರ್ಣಿಗೆ ಕಂಪ್ಯೂಟರ್ ನನಗಿಂತಲೂ ಕಡಿಮೆ ಗೊತ್ತು. ಆದರೂ ಉತ್ತರ ನನಗೆ ಹಿಡಿಸಿತು. ಥೀಮ್ ಮಾಡಿದವರು ಎಲ್ಲೋ ದೂರದಲ್ಲಿ ಕೂತು ನನ್ನ ಕೆಂಪನ್ನು ಹಾಳು ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿ, ಸಂಜೆ ಮನೆಗೆ ಬಂದು ಶಾಸ್ತ್ರಾಧ್ಯಯನಕ್ಕೆ ಕುಳಿತೆ.

ಶಾಸ್ತ್ರ ಹೇಳುವುದು ಇಷ್ಟು: ಎರಡು ಆಜ್ಞೆಗಳು ಒಂದೇ ತಲೆಬರಹಕ್ಕೆ ಬೇರೆ ಬೇರೆ ಬಣ್ಣ ಹೇಳಿದರೆ, ಹೆಚ್ಚು ಖಚಿತವಾಗಿ ಬೊಟ್ಟು ಮಾಡಿ ಹೇಳಿದ ಆಜ್ಞೆ ಗೆಲ್ಲುತ್ತದೆ. ಎರಡೂ ಒಂದೇ ತೂಕದವಾದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ತೊಂಡೆಕಾಯಿ ಹೆಚ್ಚುತ್ತಿದ್ದ ಶಾಲಿನಿಗೆ ಇದನ್ನು ವಿವರಿಸಿದೆ.

“‘ಪಲ್ಯಕ್ಕೆ ಖಾರ ಕಮ್ಮಿ’ ಅಂತ ನಾನು ಹೇಳ್ತೇನೆ ಅಂತಿಟ್ಟುಕೋ. ‘ಇವತ್ತಿನ ತೊಂಡೆಕಾಯಿ ಪಲ್ಯಕ್ಕೆ ಖಾರ ಜಾಸ್ತಿ’ ಅಂತ ನೀನು ಹೇಳ್ತೀ. ಯಾರದ್ದು ನಡೀತದೆ?”

“ನಂದೇ.”

“ಯಾಕೆ ಹೇಳು?”

“ಮಾಡುವವಳು ನಾನು.”

ಅವಳ ಶಾಸ್ತ್ರವೇ ಸರಳವಾಗಿತ್ತು. ಆದರೆ ಇಂಥ ಮಾತಿಗೆಲ್ಲ ಗಂಡಸು ಬೆಲೆ ಕೊಡುತ್ತ ಕೂತರೆ ಜ್ಞಾನ ಬೆಳೆಯುವುದು ಹೇಗೆ? ನಾನು ನನ್ನ ಆಜ್ಞೆಗೆ ತೂಕ ಏರಿಸಿದೆ. ‘ಈ ಪುಟದ, ಮೇಲಿನ ಪಟ್ಟಿಯ, ಒಳಗಿನ ತಲೆಬರಹ ಕೆಂಪಾಗಲಿ.’ ಆಯಿತು. ಮರುದಿನ ನೋಡಿದರೆ ಮತ್ತೆ ಹಸಿರು. ಅಕ್ಷರಗಳೂ ಉಬ್ಬಿದ್ದವು, ಬಾಣಂತನ ಮುಗಿಸಿ ಬಂದವರ ಹಾಗೆ.

ಆ ವಾರ ಹುಣ್ಣಿಮೆಗೆ ಭಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ನನ್ನ ಪಕ್ಕದಲ್ಲೇ ರಘುರಾಮರು ಕುಳಿತರು. ಅವರ ಕಣ್ಣುಗಳು ಕೆಂಪಾಗಿದ್ದವು. ನನ್ನವೂ.

“ಎಂತ ರಘುರಾಮಣ್ಣ, ನಿದ್ದೆ ಇಲ್ವಾ?”

“ಒಬ್ಬ ಪರಿಚಯದವರ ಸೈಟು ಮಾರಾಯ. ನಾನು ಹಸಿರು ಹಾಕ್ತೇನೆ, ಬೆಳಗಾದ್ರೆ ಕೆಂಪಾಗಿರ್ತದೆ. ದರಿದ್ರ ಕೆಂಪು.”

ನನಗೆ ತುಂಬ ಕನಿಕರವೆನಿಸಿತು. “ನನ್ನದೂ ಅದೇ ಪಾಡು. ಒಬ್ಬ ಸ್ನೇಹಿತರದ್ದು. ನಾನು ಕೆಂಪು ಹಾಕಿದ್ರೆ ಅದು ಹಸಿರಾಗ್ತದೆ” ಎಂದೆ.

ಇಲ್ಲಿಯೇ ಯಾರಿಗಾದರೂ ಹೊಳೆಯಬೇಕಿತ್ತು. ಓದುವವರಿಗೆ ಹೊಳೆದಿರುತ್ತದೆ. ಸರ್ಟಿಫಿಕೇಟು ಇದ್ದವನಿಗೂ ಬಿರುದು ಇದ್ದವನಿಗೂ ಹೊಳೆಯಲಿಲ್ಲ!

“ಈ ಥೀಮುಗಳೇ ಹಾಗೆ” ಎಂದರು ರಘುರಾಮರು.

“ಎಲ್ಲ ಅಪ್‌ಡೇಟಿನ ಹಾವಳಿ” ಎಂದೆ ನಾನು.

ಅಷ್ಟರಲ್ಲಿ ಭಾವ ಪಾಯಸದ ಪಾತ್ರೆ ಹಿಡಿದು ಓಡಿ ಬಂದರು. ಅವರ ಮುಖ ಬಿಳಿಚಿತ್ತು. “ಪಾಯಸ ಹಾಕ್ಸಿಕೊಳ್ಳಿ, ಪಾಯಸ! ಊಟ ಮಾಡುವಾಗ ಕಂಪ್ಯೂಟರ್ ಎಂತದ್ದು?” ಎಂದು ಇಬ್ಬರ ಎಲೆಗೂ ಸರಿಯಾಗಿ ಒಂದೊಂದು ಸೌಟು ಸುರಿದರು. ಅವರು ಆಚೆ ಹೋದದ್ದೇ ತಡ, ನಾವು ಮತ್ತೆ ಶುರು ಮಾಡಿದೆವು. ಕಷ್ಟದಲ್ಲಿದ್ದ ಬಂಧುವಿಗೆ ನೆರವಾಗುವುದು ಧರ್ಮವಲ್ಲವೇ? ನನಗೆ ತಿಳಿದಿದ್ದ ಬ್ರಹ್ಮಾಸ್ತ್ರವನ್ನು ಅವರಿಗೆ ಕೊಟ್ಟೆ. ಆಜ್ಞೆಯ ಕೊನೆಗೆ ‘ಇಂಪಾರ್ಟೆಂಟ್’ ಎಂದು ಬರೆದರೆ ಮಾಮೂಲಿ ಆಜ್ಞೆಗಳೆಲ್ಲ ಅದರ ಮುಂದೆ ತಲೆಬಾಗುತ್ತವೆ. ಅವರು ಕೃತಜ್ಞತೆಯಿಂದ ನನಗೂ ಒಂದು ಅಸ್ತ್ರ ಕೊಟ್ಟರು. ಪುಟದ ಒಂದೊಂದು ಭಾಗಕ್ಕೂ ಐಡಿ ಎಂಬ ಸ್ವಂತ ಹೆಸರಿರುತ್ತದೆ. ಆ ಹೆಸರು ಹಿಡಿದು ಕರೆದರೆ ಆಜ್ಞೆಯ ತೂಕ ಎಲ್ಲಿಗೋ ಹೋಗುತ್ತದೆ. ಇಬ್ಬರೂ ಕೈ ತೊಳೆದು, ಜರಿ ಶಾಲಿನ ಕಾಲದಿಂದ ಇದ್ದ ಮುನಿಸನ್ನೂ ಮರೆತು, ಒಬ್ಬರಿಗೊಬ್ಬರು ವೀಳ್ಯ ಕಟ್ಟಿಕೊಟ್ಟೆವು.

“ಇಬ್ರೂ ಎಷ್ಟು ಚಂದ ಮಾತಾಡಿದ್ರಿ ಇವತ್ತು” ಎಂದು ಶಾಲಿನಿ ರೈಲಿನಲ್ಲಿ ಖುಷಿಪಟ್ಟಳು.

ಆಮೇಲೆ ನಡೆದದ್ದು ಯುದ್ಧ, ಎದುರಿಗೆ ಯಾರೆಂದು ಇಬ್ಬರಿಗೂ ತಿಳಿಯದ ಯುದ್ಧ. ನಾನು ಐಡಿ ಹಿಡಿದು ಕರೆದೆ: ಕೆಂಪು. ರಘುರಾಮರು ಇಂಪಾರ್ಟೆಂಟ್ ಬರೆದರು: ಹಸಿರು. ನಾನು ಐಡಿಯ ಜೊತೆಗೆ ಇಂಪಾರ್ಟೆಂಟನ್ನೂ ಬರೆದೆ: ಕೆಂಪು. ಅವರೂ ಅದನ್ನೇ ಬರೆದರು: ಹಸಿರು. ತೂಕ ಸಮವಾದಾಗಲೆಲ್ಲ ಹಸಿರೇ ಗೆಲ್ಲಲು ಕಾರಣವಿತ್ತು. ಆ ಸೈಟಿನಲ್ಲಿ ಆಜ್ಞೆ ಬರೆಯಲು ಎರಡು ಜಾಗ. ತಿಳಿದವರು ಬರೆಯುವ ಫೈಲು ಒಂದು, ಕಲಿಯುವವರಿಗೆಂದು ಸೆಟ್ಟಿಂಗಿನಲ್ಲಿ ಇಟ್ಟ ಪೆಟ್ಟಿಗೆ ಇನ್ನೊಂದು. ಕಂಪ್ಯೂಟರು ಪೆಟ್ಟಿಗೆಯನ್ನು ಕೊನೆಗೆ ಓದುತ್ತದೆ. ನಾನು ತಿಳಿದವನಾದ್ದರಿಂದ ಆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡಿದ್ದೆ. ಅವರು ಕಲಿತದ್ದು ಪೆಟ್ಟಿಗೆಯ ಪಾಠದವರೆಗೆ ಮಾತ್ರ, ಫೈಲಿನ ಪಾಠದ ಭಾನುವಾರ ಅವರಿಗೆ ಜ್ವರ ಬಂದಿತ್ತಂತೆ.

ನಾನು ಐಡಿಗಳ ಮೇಲೆ ಐಡಿ ಹೇರಿ ಒಂದು ಆಜ್ಞೆ ಬರೆದೆ. ಅದನ್ನು ಒಂದೇ ಉಸಿರಿನಲ್ಲಿ ಓದಲು ಸಾಧ್ಯವಿರಲಿಲ್ಲ. ಅಲ್ಲಿಗೆ ಹಸಿರು ಸೋತಿತು. ಭಾನುವಾರ ಮಧ್ಯಾಹ್ನ ಪುಟ ಕೆಂಪಾಗಿ ನಿಂತಾಗ ನಾನು ಮಲಗಿ ಒಳ್ಳೆಯ ನಿದ್ದೆ ಮಾಡಿದೆ.

ಸೋಮವಾರ ಬೆಳಗ್ಗೆ ಹಲ್ಲುಜ್ಜುತ್ತಲೇ ಪುಟ ತೆರೆದೆ. ಕೆಂಪು ತಲೆಬರಹವೇ ಇರಲಿಲ್ಲ. ನನ್ನ ಇಡ್ಲಿ ವಡೆಯೂ ಇಲ್ಲ. ಬಣ್ಣದಲ್ಲಿ ಗೆಲ್ಲಲಾಗದ ಶತ್ರು ತಲೆಬರಹವನ್ನೇ ಕಾಣದಂತೆ ಅಡಗಿಸಿ, ಕೆಳಗೆ ಹೊಸದೊಂದು ಹಸಿರು ತಲೆಬರಹ ಕೂರಿಸಿದ್ದ. ಮೇಡಂ ಬರಲು ಇದ್ದದ್ದು ಕೆಲವೇ ಗಂಟೆ. ಕಣ್ಣ ಮುಂದೆ ಆ ತಣ್ಣನೆಯ ಒಲೆ, ಅದರ ಮೇಲಿನ ಡಬ್ಬಗಳು. ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ನನ್ನ ಜೀವಮಾನದ ಅತ್ಯಂತ ದೊಡ್ಡ ಆಜ್ಞೆಯನ್ನು ಬರೆದೆ: ‘ಈ ಪುಟದಲ್ಲಿ ಯಾವುದೂ ಅಡಗಿರಕೂಡದು, ಇರುವುದೆಲ್ಲವೂ ಕಾಣತಕ್ಕದ್ದು.’ ಹಿಂದೆ ಇಂಪಾರ್ಟೆಂಟ್, ಮುಂದೆ ಇದ್ದಬದ್ದ ಐಡಿಗಳೆಲ್ಲ.

ಸೇವ್ ಒತ್ತಿದೆ. ಕರೆಂಟ್ ಹೋಯಿತು.

ಲೋಡ್ ಶೆಡ್ಡಿಂಗ್ ನಮಗೆ ಹೊಸದಲ್ಲ. ಸೇವ್ ಆಗಿದೆಯಲ್ಲ, ಅಷ್ಟು ಸಾಕು ಎಂದು ಇಸ್ತ್ರಿಯ ಅಂಗಿ ತೊಟ್ಟು ಠಾಣೆಗೆ ಹೊರಟೆ.

ಹೋಟೆಲಿನಲ್ಲಿ ರಘುರಾಮರು ಆಗಲೇ ಬಂದು ಕೂತಿದ್ದರು. ಅವರದೂ ಇಸ್ತ್ರಿಯ ಅಂಗಿ.

“ನೀವೆಂತ ಇಲ್ಲಿ?” ಎಂದೆ.

“ನೀನೆಂತ ಇಲ್ಲಿ?” ಎಂದರು.

ಭಾವನನ್ನು ಇಬ್ಬರೂ ನೋಡಿದೆವು. ಭಾವ ಚಟ್ನಿ ನೋಡಲು ಒಳಗೆ ಹೋದರು.

ಅಷ್ಟರಲ್ಲಿ ರಬಾಳೆಯ ದೇಶಪಾಂಡೆ ಮೇಡಂ ಬಂದರು. ಲ್ಯಾಪ್‌ಟಾಪ್ ತೆರೆದು, ಕನ್ನಡಕ ಏರಿಸಿ ಪುಟವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆರ್ಡರಿನ ಸೈಟೆಂದರೆ ಅದರೊಳಗೆ ಬೇಕಾದಾಗ ಮಾತ್ರ ಹೊರಬರುವ ಮಾತುಗಳು ಎಷ್ಟೋ ಅಡಗಿರುತ್ತವೆ ಎಂಬುದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ನನ್ನ ಆಜ್ಞೆಗೆ ಅಂಜಿ, ಕೆಂಪು ಹಸಿರು ತಲೆಬರಹಗಳ ಜೊತೆಗೆ ಅವೆಲ್ಲವೂ ಒಟ್ಟಿಗೆ ಹೊರಬಂದು ನಿಂತಿದ್ದವು.

“ಶೇಟ್, ಆಜ್ ಬಂದ್ ಹೈ ಕ್ಯಾ?” ಎಂದು ಕೇಳಿದರು ಮೇಡಂ.

“ನಹೀ ನಹೀ ಮೇಡಂ, ಚಾಲೂ ಹೈ” ಎನ್ನುತ್ತ ಭಾವ ಒಳಗಿನಿಂದ ಓಡಿ ಬಂದರು.

“ಯಹಾಂ ತೋ ‘ಇಂದು ರಜೆ’ ಲಿಖಾ ಹೈ” ಎಂದು ಕನ್ನಡವನ್ನೇ ಓದಿದರು. ಆ ಫಲಕವನ್ನು ಕನ್ನಡದಲ್ಲಿ ಬರೆಸಿದ್ದು ಭಾವನ ಅಭಿಮಾನ, ಓದಿದ್ದು ಸೊಲ್ಲಾಪುರದಲ್ಲಿ ಹುಟ್ಟಿದ್ದ ಮೇಡಂ ಅವರ ಪುಣ್ಯ. “ಇಡ್ಲಿ ಖತಮ್?”

“ಇಡ್ಲಿ ಹೈ ಮೇಡಂ, ಗರಂ ಹೈ.”

“ವಡಾ ಖತಮ್, ದೋಸಾ ಖತಮ್, ಸಬ್ ಖತಮ್ ಬತಾ ರಹಾ ಹೈ. ಮೇರಾ ಪಾಸ್‌ವರ್ಡ್ ಭೀ ಗಲತ್ ಹೈ. ಮೈನೆ ಡಾಲಾ ಹೀ ನಹೀ.” ಹಾಕದ ಪಾಸ್‌ವರ್ಡನ್ನೂ ತಪ್ಪೆಂದ ಆ ಪುಟದಲ್ಲಿ ಮೇಡಂ ಇನ್ನೂ ಕೆಳಗೆ ಸರಿದರು. “ಔರ್ ಆಖಿರ್ ಮೆ, ಆರ್ಡರ್ ಕೆ ಲಿಯೆ ಧನ್ಯವಾದ್. ಶೇಟ್, ಯೇ ಧನ್ಯವಾದ್ ಕಿಸ್ ಬಾತ್ ಕಾ?”

ಆಗದ ಆರ್ಡರಿಗೆ ಧನ್ಯವಾದ ಯಾಕೆಂಬ ಪ್ರಶ್ನೆಗೆ ಭಾವ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದರು, ಅಷ್ಟೆ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ಆ ಹಸಿರು ನಂದು” ಎಂದು ರಘುರಾಮರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಆ ಕೆಂಪು ಯಾರದ್ದು?”

“ನಂದು.”

ಇಬ್ಬರೂ ಒಂದೇ ಸಲ ಭಾವನ ಕಡೆ ತಿರುಗಿದೆವು. ಭಾವ ಕೈ ಮುಗಿಯುವುದೊಂದು ಬಾಕಿ. “ನಾನೆಂತ ಮಾಡ್ಲಿ ಮಾರಾಯ್ರೆ? ಅವರಿಗೆ ಕೊಟ್ರೆ ನಿಮಗೆ ಬೇಸರ, ನಿಮಗೆ ಕೊಟ್ರೆ ಅವರಿಗೆ ಬೇಸರ. ಇಬ್ರಿಗೂ ಕೊಟ್ಟೆ. ಸಮ ಸಮ ಆಯ್ತಲ್ಲ ಅಂತ.”

ಗಲ್ಲಾದಲ್ಲಿ ಕೂತಿದ್ದ ಭಾವನ ಹೆಂಡತಿ ಸುಮತಿಯಕ್ಕ ಎದ್ದು ಬಂದರು. ಮೇಡಂ ಮುಂದೆ ಒಂದು ತಟ್ಟೆ ಬಿಸಿ ಗೋಳಿಬಜೆ ಇಟ್ಟರು. “ಪೆಹಲೆ ಖಾವೊ. ಪಾಂಚ್ ಮಿನಿಟ್” ಎಂದರು. ನಂತರ ನಮ್ಮಿಬ್ಬರ ಕಡೆ ತಿರುಗಿ, “ನೀವಿಬ್ರು ಹಾಕಿದ್ದೆಲ್ಲ ತೆಗೀರಿ” ಎಂದರು.

“ಎಲ್ಲ ತೆಗೆದ್ರೆ ಮೊದಲಿನ ಬ್ಯಾಂಕಿನ ನೀಲಿಯೇ ಬರ್ತದಕ್ಕ” ಎಂದೆ.

“ಬರ್ಲಿ. ಬ್ಯಾಂಕಾದ್ರೂ ತೆರೆದಿರ್ತದೆ.”

ಇಬ್ಬರೂ ಗಲ್ಲಾದ ಕಂಪ್ಯೂಟರಿನ ಮುಂದೆ ಕುಳಿತೆವು. ನನ್ನ ಫೈಲು ಒಂದು ಕಿಟಕಿಯಲ್ಲಿ, ಅವರ ಪೆಟ್ಟಿಗೆ ಇನ್ನೊಂದರಲ್ಲಿ. ಆಗ ಮತ್ತೊಂದು ಸಮಸ್ಯೆ ಎದುರಾಯಿತು. ಮೊದಲು ಅಳಿಸುವವರು ಯಾರು?

“ಹಿರಿಯರು ನೀವು, ನೀವೇ ಮೊದಲು ಅಳಿಸಿ” ಎಂದೆ.

“ಕಿರಿಯವ ನೀನು, ನೀನು ದಾರಿ ಬಿಡು” ಎಂದರು.

ಅತ್ತ ಗೋಳಿಬಜೆ ಒಂದೊಂದಾಗಿ ಕರಗುತ್ತಿದ್ದವು. ಕೊನೆಗೆ ಭಾವ ಹಿಂದೆ ನಿಂತು ನಮ್ಮಿಬ್ಬರ ಹೆಗಲ ಮೇಲೂ ಒಂದೊಂದು ಕೈ ಇಟ್ಟರು. ರಘುರಾಮರು ಮೌಸ್ ಹಿಡಿದರು, ನಾನು ಕೀಬೋರ್ಡ್ ಹಿಡಿದೆ. ಭಾವ ಹೂಂ ಎಂದಾಗ ಫೈಲೂ ಪೆಟ್ಟಿಗೆಯೂ ಖಾಲಿಯಾದವು.

ಮೇಡಂ ಕೈ ಒರೆಸಿಕೊಂಡು ಪುಟವನ್ನು ಮತ್ತೆ ತೆರೆದರು. ನೀಲಿ ತಲೆಬರಹ, ಕೆಳಗೆ ಸಾಲಾಗಿ ತಿಂಡಿಗಳು, ಪಕ್ಕದಲ್ಲಿ ಆರ್ಡರಿನ ಗುಂಡಿ. ಅಷ್ಟೇ. ಅವರು ಒಂದು ಇಡ್ಲಿ ಆರ್ಡರ್ ಮಾಡಿ ನೋಡಿದರು. ಈ ಸಲ ಧನ್ಯವಾದ ಸರಿಯಾದ ಹೊತ್ತಿಗೆ ಬಂತು.

“ಅರೆ ವಾ, ಕಿತೀ ಛಾನ್. ಏಕ್‌ದಮ್ ಸಾಫ್. ಪಾಂಚ್ ಮಿನಿಟ್ ಮೆ ಕಿಸನೆ ಕಿಯಾ?”

ಇಷ್ಟು ಚಂದ ಮಾಡಿದ್ದು ಯಾರೆಂದು ಕೇಳಿದ್ದೇ ತಡ, ಭಾವ ಎದೆಯುಬ್ಬಿಸಿ ಅಳಿಯಂದಿರಾದ ನಮ್ಮಿಬ್ಬರನ್ನೂ ತೋರಿಸಿದರು. “ಹಮಾರೆ ಘರ್ ಕೆ ದೋನೋ ಜಮಾಯಿ.”

ಹೇಳಲು ನಾಚಿಕೆಯಾಗುತ್ತದೆ, ನಾವಿಬ್ಬರೂ ತಲೆ ಬಾಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸಿದೆವು. ರಘುರಾಮರಂತೂ “ಬಣ್ಣ ಕಣ್ಣಿಗೆ ತಂಪಾಗಿರಬೇಕು ಮೇಡಂ” ಎಂದು ಎರಡು ಮಾತು ಹಿಂದಿಯಲ್ಲಿ ಆಡಿದರು. ಮರುದಿನದಿಂದ ಊಟ ಕಳುಹಿಸಿ ಎಂದು ಹೇಳಿ ಮೇಡಂ ಹೊರಟರು. ಅವರ ಆಟೊ ತಿರುವು ದಾಟುವ ಮೊದಲೇ ಭಾವ ಅಡುಗೆಮನೆಗೆ ಹೋಗಿ ಎಣ್ಣೆ ಡಬ್ಬಗಳನ್ನು ತಾವೇ ಕೆಳಗಿಳಿಸಿದರು. ಒಲೆ ಭುಸ್ಸೆಂದು ಹೊತ್ತಿಕೊಂಡಾಗ ಅವರ ಕಣ್ಣಲ್ಲಿ ನೀರಿತ್ತು. ಹೊಗೆ ಎಂದರು. ಗ್ಯಾಸಿನ ಒಲೆ ಅದು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ತಲುಪಿತ್ತು. ಶಾಲಿನಿ ಚಹಾ ಕೊಡುತ್ತ ಕೇಳಿದಳು.

“ಸೈಟು ಭಾರಿ ಚಂದ ಆಗಿದೆ ಅಂತ ಮೇಡಂ ಹೊಗಳಿದ್ರಂತೆ. ಅದ್ರಲ್ಲಿ ನೀವು ಮಾಡಿದ್ದು ಯಾವುದು?”

ತೋರಿಸೋಣವೆಂದು ಪುಟ ತೆರೆದೆ. ನೀಲಿ ಥೀಮಿನದು. ಅಕ್ಷರ ಥೀಮಿನದು. ಗುಂಡಿಯೂ ಥೀಮಿನದೇ. ಮೇಲಿನಿಂದ ಕೆಳಗಿನವರೆಗೆ ಹುಡುಕಿದರೂ ಬೆರಳಿಡಲು ನನ್ನದೆಂಬ ಜಾಗ ಸಿಗಲಿಲ್ಲ.

“ಕಾಣೂದಿಲ್ಲ. ನಾನು ಮಾಡಿದ್ದು ಅಳಿಸುವ ಕೆಲಸ” ಎಂದೆ.

“ಪ್ರಭಕ್ಕ ಈಗಷ್ಟೇ ಫೋನ್ ಮಾಡಿದ್ಲು. ಅಳಿಸಿದ್ರಲ್ಲಿ ಹೆಚ್ಚಿನ ಪಾಲು ಅವಳ ಗಂಡಂದೇ ಅಂತೆ.”

ನನ್ನ ಮೈ ಉರಿದುಹೋಯಿತು. ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತೆ.

“ಶುದ್ಧ ಸುಳ್ಳು! ಅವರ ಪೆಟ್ಟಿಗೆಯಲ್ಲಿ ಎಂತ ಇತ್ತು, ಒಂದು ಹಿಡಿ. ಅಲ್ಲಿ ಇದ್ದ ಕಸದಲ್ಲಿ ಮುಕ್ಕಾಲು ಪಾಲು ನನ್ನದು. ಬೇಕಾದ್ರೆ ಭಾವನನ್ನೇ ಕೇಳು.”

“ಕೇಳುದು ಎಂತಕ್ಕೆ?” ಎಂದಳು ಶಾಲಿನಿ. “ನಾನು ನಂಬ್ತೇನೆ.”